ಮಾವನ ಕಾರಿಗೆ ಬಿಸ್ಕತ್ತಿನ ಡಬ್ಬಿ

"ಹಳೇ ಕಾರಿನ ವಿಷಯದಲ್ಲಿ ನನ್ನ ಕಣ್ಣಿಗೆ ಯಾರೂ ಮಣ್ಣೆರಚೋಕೆ ಆಗಲ್ಲ!" ಎಂದು ನಮ್ಮ ಅಂಚೆ ಗುಮಾಸ್ತರು ಘೋಷಿಸಿದ್ದು ಶನಿವಾರ ಬೆಳಗ್ಗೆ. ಮರುದಿನ ಹಳೇ ಕಾರುಗಳ ಸಂಘದ ಪರೀಕ್ಷಕರು ಬರುವವರಿದ್ದರು. ತೀರಿಹೋದ ಮಾವನ ಉದ್ದ ಮೂತಿಯ ಐಷಾರಾಮಿ ಕಾರನ್ನು ಸಂಘದ ಮೆರವಣಿಗೆಗೆ ಸೇರಿಸಬಹುದೇ ಎಂದು ಅವರು ಹೇಳಬೇಕು. ಅಪ್ಪನ ಕಾರು ಒಂದೇ ಒಂದು ಸಲ ಊರವರ ಕಣ್ಣೆದುರು ಓಡಲಿ ಎಂಬುದು ಹೆಂಡತಿಯ ಆಸೆ. ಅರ್ಜಿ ತುಂಬಿದ್ದೂ ಅವಳೇ.

ಪರೀಕ್ಷಕರಿಗಿಂತ ಮೊದಲು ಒಂದು ಕೈ ನೋಡೇಬಿಡೋಣವೆಂದು ಗುಮಾಸ್ತರು ಅಯಸ್ಕಾಂತ ಹಿಡಿದು ಶೆಡ್ಡಿಗೆ ನುಗ್ಗಿದರು. ಈ ಜಾತಿಯ ಅಸಲಿ ಕಾರಿನ ಮೈ ಉಕ್ಕಿನದು. ಈಗಿನ ನಕಲಿಗಳದ್ದು ಫೈಬರ್. ಬಾನೆಟ್ಟಿಗೆ ಇಟ್ಟರು, ಅಯಸ್ಕಾಂತ ಟಣ್ಣೆಂದು ಕೆಳಗೆ ಬಿತ್ತು. ಬಾಗಿಲಿಗೆ ಇಟ್ಟರು, ಅಲ್ಲೂ ಬಿತ್ತು. ಮೂರು ಸುತ್ತು ಹಾಕಿದರೂ ಅದೇ ಕಥೆ. ಇಡೀ ಕಾರೇ ನಕಲಿ! ಅಪ್ಪನ ಮಾತೆತ್ತಿದರೆ ಇವತ್ತಿಗೂ ಅರಳುವ ಹೆಂಡತಿಯ ಮುಖದೆದುರು ಇದನ್ನು ಹೇಳುವುದು ಹೇಗೆ? ಗುಮಾಸ್ತರು ಸದ್ದಿಲ್ಲದೆ ಅಡುಗೆಮನೆಗೆ ನಡೆದರು.

ಅಡುಗೆಮನೆಯ ಬಿಸ್ಕತ್ತಿನ ಡಬ್ಬಿಗಳ ಮುಚ್ಚಳಗಳು ಒಂದೊಂದಾಗಿ ಮಾಯವಾದವು. ಗುಮಾಸ್ತರು ಆ ತಗಡನ್ನು ತಟ್ಟಿ ಚಪ್ಪಟೆ ಮಾಡಿ ಬಾನೆಟ್ಟಿನ ಒಳಮೈಗೆ, ಬಾಗಿಲುಗಳ ಒಳಮೈಗೆ ಅಂಟಿಸಿದರು. ಸಂಜೆಯ ಹೊತ್ತಿಗೆ ಬಲಗೈಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಂಡತಿ ಕೇಳಿದ್ದಕ್ಕೆ ಬೆರಳಿಗೆ ವಾಯು ಹಿಡಿದಿದೆ ಎಂದರು.

ಭಾನುವಾರ ಪರೀಕ್ಷಕರು ಇಟ್ಟ ಅಯಸ್ಕಾಂತ ಬಾನೆಟ್ಟಿನ ಮೇಲೆ ಗಪ್ಪನೆ ಕೂತಿತು. ಗುಮಾಸ್ತರ ಎದೆ ಉಬ್ಬಿತು. ಪರೀಕ್ಷಕರು ಹುಬ್ಬು ಗಂಟಿಕ್ಕಿ ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರು. ಬಿತ್ತು. ಬಾನೆಟ್ ಎತ್ತಿದರೆ ಬಿಸ್ಕತ್ತು ತಿನ್ನುತ್ತಿರುವ ಆರು ಮಕ್ಕಳು ತಗಡಿನ ಮೇಲೆ ನಗುತ್ತಿದ್ದರು. ಪರೀಕ್ಷಕರು ಪಕ್ಕದಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿದರು.

"ಏನಮ್ಮ ಇದು? ಅರ್ಜಿಯಲ್ಲಿ ನಕಲು ಕಾರುಗಳ ವಿಭಾಗ ಅಂತ ನೀವೇ ಬರೆದಿದ್ದೀರಿ. ಆಮೇಲೆ ಅಸಲಿ ಅಂತ ತೋರಿಸೋಕೆ ತಗಡು ಅಂಟಿಸಿದ್ದೀರಿ. ಮೋಸ ಮಾಡಿದ ಕಾರನ್ನ ಸೇರಿಸೋ ಹಾಗಿಲ್ಲ."

ಹೆಂಡತಿಯ ಮುಖ ಬಾಡಿಹೋಯಿತು. ಗುಮಾಸ್ತರಿಗೆ ತಡೆಯಲಾಗಲಿಲ್ಲ.

"ಅವಳಿಗೇನೂ ಗೊತ್ತಿಲ್ಲ ಸಾರ್. ಅಂಟಿಸಿದ್ದು ನಾನು. ಅಪ್ಪನ ಕಾರು ನಕಲಿ ಅಂತ ಗೊತ್ತಾದ್ರೆ ಅಳ್ತಾಳಲ್ಲ ಅಂತ."

ಹೆಂಡತಿ ಗಂಡನನ್ನೇ ದಿಟ್ಟಿಸಿದಳು. "ಅಸಲಿ ಅಂತ ನಾನು ಯಾವತ್ತು ಹೇಳಿದ್ದೆ? ಅಪ್ಪ ಒಂದು ಫೋಟೋ ನೋಡ್ಕೊಂಡು ಆರು ವರ್ಷ ಕೂತು ಕೈಯಲ್ಲೇ ಮಾಡಿದ ಕಾರು ರೀ ಅದು. ಫೈಬರಿಗೆ ಅಂಟು ಕಲಸಿಕೊಟ್ಟವಳೇ ನಾನು."

ಹದಿನೇಳು ವರ್ಷದ ಸಂಸಾರದಲ್ಲಿ ಗುಮಾಸ್ತರು ಹಳೇ ಕಾರುಗಳ ಬಗ್ಗೆ ಭಾಷಣ ಬಿಗಿದದ್ದೇ ಬಂತು. ಈ ಕಾರಿನ ಕಥೆಯೇನು ಎಂದು ಒಂದು ದಿನವೂ ಹೆಂಡತಿಯನ್ನು ಕೇಳಿರಲಿಲ್ಲ.

ಪರೀಕ್ಷಕರು ಮೀಸೆಯಡಿ ನಗು ಬಚ್ಚಿಟ್ಟು ಅರ್ಜಿಯನ್ನು ಮುಂದೆ ಚಾಚಿದರು. ತಗಡು ಕಿತ್ತುಹಾಕಿ, ಕಾರಿಗೆ ಕೈ ಹಾಕಿದವರೆಲ್ಲರ ವಿವರವನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟರೆ ಸೇರಿಸಿಕೊಳ್ಳುವುದಾಗಿ ಹೇಳಿದರು. ಅವಳು ಬರೆದಳು. ಬರೆದು, ಗಂಡನ ಅಂಟಿದ ಬೆರಳುಗಳನ್ನು ಮೆಲ್ಲಗೆ ಹಿಡಿದು ಪೆನ್ನು ಕೊಟ್ಟು, ಓದಿ ಸಹಿ ಹಾಕಿ ಎಂದಳು. ಗುಮಾಸ್ತರು ಓದಿದರು.

'ಕಟ್ಟಿದವರು: ಅಪ್ಪ. ಅಂಟು ಕಲಸಿದವಳು: ಮಗಳು. ಪ್ರೀತಿಯಿಂದ ಕೆಡಿಸಿದವರು: ಅಳಿಯ.'