ವಾಕಿಂಗ್ ಪ್ಯಾಂಟು

ಬಾಯಿ ತಪ್ಪಿ ಆಡಿದ ಒಂದು ಮಾತಿನಿಂದ ಕೆಳಮಹಡಿಯ ದರ್ಜಿಯ ದಿನ ಕೆಟ್ಟಿತು. ಅವನ ಕ್ಯಾನ್ಸರ್ ಚಿಕಿತ್ಸೆ ಮುಗಿದಿತ್ತು. "ಹೊಲಿಗೆ ಮಿಷನ್ ಮುಂದೆ ಕೂತೇ ಇರ್ಬೇಡಿ. ದಿನಾ ನಡೀರಿ, ಜೊತೆಗೆ ಯಾರಾದ್ರೂ ಇದ್ರೆ ಇನ್ನೂ ಒಳ್ಳೇದು" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಡೆಯಲು ಕಾಲಿದ್ದವು, ಜೊತೆಯನ್ನು ಎಲ್ಲಿಂದ ತರುವುದು? ಕಾಯಿಲೆ ಇದ್ದಾಗ ಮನೆ ತುಂಬ ಜನ. ವಾಸಿಯಾಯಿತು ಎಂದ ಮೇಲೆ ಒಬ್ಬರೂ ಇತ್ತ ತಲೆ ಹಾಕಿರಲಿಲ್ಲ. ಅವನಿಗೆ ಕಾಯಿಲೆಗಿಂತ ಇದೇ ಹೆಚ್ಚು ನೋಯುತ್ತಿತ್ತು.

ಅಂದು ಬೆಳಿಗ್ಗೆ ಮೆಟ್ಟಿಲ ಹತ್ತಿರ ಮೇಲಿನ ಮನೆಯಾಕೆ ಸಿಕ್ಕಿ, "ವಾಕಿಂಗ್ ಮಾಡ್ತಿದ್ದೀರಾ ಮಾಸ್ಟ್ರೇ?" ಎಂದರು.

"ಒಬ್ಬನೇ ಹೋಗೋಕೆ ಯಾಕೋ ಬೇಜಾರು ಅಕ್ಕಾ."

ಕಟ್ಟಡದವರು ಆಕೆಯನ್ನು ರೇಡಿಯೋ ಅಕ್ಕ ಎನ್ನುವುದು ಸುಮ್ಮನೆ ಅಲ್ಲ. ತಿಂಡಿ ಹೊತ್ತಿಗೆ ಸುದ್ದಿ ಕೊನೆಯ ಮಹಡಿಯವರೆಗೂ ಹತ್ತಿತ್ತು. ಅಲ್ಲಿನ ರಿಟೈರಾದ ಕ್ಯಾಷಿಯರು ದರ್ಜಿಯ ಬಾಗಿಲಲ್ಲಿ ಪ್ರತ್ಯಕ್ಷರಾದರು.

"ನಾವೆಲ್ಲ ಇಲ್ವೇನ್ರೀ? ಇವತ್ತು ಸಂಜೆಯಿಂದಲೇ ಎಲ್ಲರೂ ನಿಮ್ಮ ಜೊತೆ! ಆದ್ರೆ ಈ ಪ್ಯಾಂಟು ಸೊಂಟದ ಹತ್ರ ಬಿಗಿ. ಸ್ವಲ್ಪ ಬಿಡಿಸಿಕೊಡಿ. ನಿಮ್ಮ ಜೊತೆ ನಡೆಯೋಕೇ ತಾನೇ?"

ದರ್ಜಿಯ ಕಣ್ಣು ತುಂಬಿತು. ಪ್ಯಾಂಟು ಈಸಿಕೊಂಡ. ಹಿಂದೆಯೇ ಕ್ಯಾಷಿಯರ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಎರಡು ಪ್ಯಾಂಟು ತಂದರು; ಒಂದಕ್ಕೆ ಜೇಬಿಲ್ಲ, ಇನ್ನೊಂದಕ್ಕೆ ಜಿಪ್ಪಿಲ್ಲ. ರೇಡಿಯೋ ಅಕ್ಕ ತಮ್ಮದು, ತಂಗಿಯದು, ತಂಗಿಯ ಗಂಡನದು ಎಂದು ಒಂದು ಗಂಟನ್ನೇ ಇಳಿಸಿ, "ಜಾಸ್ತಿ ಕೂತ್ಕೋಬೇಡಿ ಮತ್ತೆ, ಡಾಕ್ಟ್ರು ಬೈತಾರೆ. ಸಂಜೆಗೆ ರೆಡಿ ಇರ್ಲಿ" ಎಂದು ಬುದ್ಧಿ ಹೇಳಿ ಹೋದರು.

ದರ್ಜಿ ಕೂತವನು ಏಳಲಿಲ್ಲ. ತಪ್ಪದೆ ತಿನ್ನಿ ಎಂದು ಡಾಕ್ಟರು ಹೇಳಿದ್ದ ಹಣ್ಣು ತಟ್ಟೆಯಲ್ಲೇ ಕಪ್ಪಾಯಿತು. ಬೆನ್ನು ಹಲಗೆಯಾಯಿತು. ಆದರೂ ಬಹಳ ದಿನಗಳ ಮೇಲೆ ಅವನು ಸಿಳ್ಳೆ ಹಾಕುತ್ತಿದ್ದ. ಇಷ್ಟೂ ಪ್ಯಾಂಟುಗಳು ತನ್ನ ಜೊತೆ ನಡೆಯಲಿವೆಯಲ್ಲ!

ಸಂಜೆ ಎಲ್ಲರೂ ಹಾಕಿಕೊಂಡು ಸಿದ್ಧರಾದರು. ತಂಗಿಯ ಗಂಡ ಮಾತ್ರ ಟವೆಲ್ ಸುತ್ತಿಕೊಂಡು ನಿಂತಿದ್ದ. ಅವನ ಪ್ಯಾಂಟಿಗೆ ಒಂದು ಕಾಲು ಬಾಕಿಯಿತ್ತು.

"ನೀವು ಅದನ್ನ ಮುಗಿಸಿ ಬನ್ನಿ, ನಾವು ನಿಧಾನಕ್ಕೆ ಹೋಗ್ತಿರ್ತೀವಿ" ಎಂದು ಗುಂಪು ಹೊರಟಿತು. ಕೊನೆಯ ಹೊಲಿಗೆ ಬಿದ್ದದ್ದೇ ತಡ, ತಂಗಿಯ ಗಂಡನೂ ಪ್ಯಾಂಟು ಏರಿಸಿಕೊಂಡು ಅವರ ಹಿಂದೆ ಓಟ ಕಿತ್ತ. ದರ್ಜಿ ಬೆನ್ನು ಹಿಡಿದುಕೊಂಡು ತಿರುವಿನ ತನಕ ಹೋದ. ಯಾರೂ ಕಾಣಲಿಲ್ಲ. ಯಾವ ಕಡೆ ಹೋಗುತ್ತಾರೆಂದು ಕೇಳಿಯೇ ಇರಲಿಲ್ಲ. ಹಿಂತಿರುಗಿ ಬಂದು ಬಾಗಿಲಲ್ಲಿ ಕಾಯುತ್ತ ನಿಂತ.

ಕತ್ತಲಾಗುವಾಗ ಎಲ್ಲರೂ ಬೆವರಿಳಿಸಿಕೊಂಡು, ನಗುತ್ತ ಬಂದರು. ಕ್ಯಾಷಿಯರ ಮುಖ ಮಾತ್ರ ದಪ್ಪಗಿತ್ತು.

"ಏನ್ರೀ ಮಾಸ್ಟ್ರೇ, ನಿಮಗೋಸ್ಕರ ಇಷ್ಟು ಜನ ಹೊರಟ್ವಿ, ನೀವೇ ಬರ್ಲಿಲ್ಲ!"

"ಅದು... ಕೂತೂ ಕೂತೂ ಬೆನ್ನು..."

"ಅವರನ್ನ ಯಾಕೆ ಗೋಳು ಹೊಯ್ಕೋತೀರಿ?" ರೇಡಿಯೋ ಅಕ್ಕ ಅಡ್ಡ ಬಂದರು. "ದಾರಿಯುದ್ದಕ್ಕೂ ಅದನ್ನೇ ಮಾತಾಡ್ಕೊಂಡ್ವಿ ಮಾಸ್ಟ್ರೇ. ನಿಮಗೆ ಒಬ್ಬರೇ ಇರೋದೇ ಇಷ್ಟ, ಹೇಳೋಕೆ ಸಂಕೋಚ. ನಮಗೆ ಅರ್ಥ ಆಯ್ತು. ನಾಳೆಯಿಂದ ನಾವ್ಯಾರೂ ನಿಮಗೆ ತೊಂದ್ರೆ ಕೊಡಲ್ಲ."

"ಅಯ್ಯೋ, ಹಾಗಲ್ಲ ಅಕ್ಕಾ..." ಎನ್ನುವಷ್ಟರಲ್ಲಿ ಗುಂಪು ಮೆಟ್ಟಿಲು ಹತ್ತುತ್ತಿತ್ತು. ನಾಳೆ ಯಾವ ದಾರಿ ಹಿಡಿಯುವುದೆಂದು ಮೇಲೆ ಜೋರು ಚರ್ಚೆ. ಕೊನೆಯ ಬಾಗಿಲು ಹಾಕಿಕೊಳ್ಳುವ ತನಕ ದರ್ಜಿ ಕೆಳಗೆ ನಿಂತು ಕೇಳಿಸಿಕೊಂಡ.