ರಿಯಾದಿನಲ್ಲಿ ಮಾಡು ಹತ್ತಿದ ಮಾವ

ಮನೆ ರಿಪೇರಿ ಮಾಡಿಸುವವನಿಗೂ ಚಳಿಗಾಲದಲ್ಲಿ ಕಾರು ಓಡಿಸುವವನಿಗೂ ದೇವರು ನೆಮ್ಮದಿ ಅಂತ ಒಂದನ್ನು ಬರೆದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವವನಿಗೆ ಜೊತೆಯಲ್ಲಿ ಒಬ್ಬ ಮಾವನನ್ನೂ ಬರೆದಿರುತ್ತಾನೆ. "ಇದೆಲ್ಲ ನಿನಗೇ ಯಾಕೆ ಆಗ್ತದೆ?" ಅಂತ ಜನ ಕೇಳುತ್ತಾರೆ. ಗೊತ್ತಿದ್ದರೆ ನಾನೂ ತಪ್ಪಿಸಿಕೊಳ್ಳುತ್ತಿದ್ದೆ.

ಎಂಬತ್ತರ ದಶಕ. ನಾನು ರಿಯಾದಿನ ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್. ಬ್ಯಾಚುಲರ್ ರೂಮಿನಲ್ಲಿ ಪರರ ಗೊರಕೆ ಕೇಳಿ ಕೇಳಿ ಸಾಕಾಗಿತ್ತು. ಊರಿನಲ್ಲಿದ್ದ ಮಗಳು ಫೋಟೋದಲ್ಲಿದ್ದ ನನ್ನನ್ನು ಅಪ್ಪ ಅನ್ನುತ್ತಿದ್ದಳು. ರಜೆಯಲ್ಲಿ ಎದುರಿಗೆ ಬಂದು ನಿಂತರೆ ಬಾಗಿಲ ಹಿಂದೆ ಅಡಗುತ್ತಿದ್ದಳು. ಅದು ನನಗೆ ತುಂಬಾ ನೋವು ಕೊಡುತ್ತಿತ್ತು. ಕೊನೆಗೂ ಹೆಂಡತಿ, ಮಗಳು ಇಬ್ಬರಿಗೂ ವೀಸಾ ಆಯಿತು. ಅವರನ್ನು ಕರೆತರಲು ಮಾವ ವಿಸಿಟ್ ವೀಸಾದಲ್ಲಿ ಬರುತ್ತೇನೆ ಅಂದರು.

ಮಾವನ ಬಗ್ಗೆ ಒಂದು ಮಾತು. ಅವರು ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಮದುವೆಗೆ ಮುಂಚೆ ಹುಡುಗನ ಮನೆ ನೋಡಲು ಬಂದವರು ಹುಡುಗನ ಮುಖ ನೋಡಲಿಲ್ಲ. ಏಣಿ ತರಿಸಿ, ಮಾಡು ಹತ್ತಿ, ಹಂಚು ನೋಡಿದರು. ಇಳಿದು ಬಂದು ಕೈ ಕೊಡವಿ "ಆಗಬಹುದು" ಅಂದರು. ಆಗಬಹುದು ಅಂದದ್ದು ನನ್ನನ್ನೋ ಹಂಚನ್ನೋ ಅಂತ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಾನು ಬಂದು ಮನೆ ನೋಡ್ತೇನೆ. ಸರಿ ಉಂಟು ಅಂತಾದರೆ ಮಗಳು ಮೊಮ್ಮಗಳು ಅಲ್ಲಿ ಇರ್ತಾರೆ. ಇಲ್ಲದಿದ್ದರೆ ನನ್ನೊಟ್ಟಿಗೆ ವಾಪಸ್."

ಆ ಮನೆಯ ಮತ್ತು ಆ ಚಳಿಗಾಲದ ಕಥೆ ಇದು.

ಮಳೆ ನೋಡುವ ರಜೆ

ಮೊದಲು ನನ್ನ ಅಹಂಕಾರದ ಮೂಲ ಹೇಳಬೇಕು. ಅದು ಹಿಂದಿನ ವರ್ಷದ ಚಳಿಗಾಲ. ಒಂದು ಬೆಳಿಗ್ಗೆ ಆಫೀಸಿನ ಕಿಟಕಿಗೆ ಟಪ್ ಟಪ್ ಅಂತ ಹನಿ ಬಿತ್ತು. ನಮ್ಮ ಸೌದಿ ಮ್ಯಾನೇಜರ್ ಕುರ್ಚಿಯಿಂದ ಹಾರಿ ಎದ್ದರು. ಎಲ್ಲೋ ಬೆಂಕಿ ಬಿದ್ದಿದೆ ಅಂತ ನಾನೂ ಎದ್ದೆ.

"ಮಳೆ! ಮಳೆ!" ಅಂದರು. "ಯಲ್ಲಾ, ಎಲ್ಲರೂ ಹೊರಡಿ. ನೋಡಿಕೊಂಡು ಬರೋಣ!"

ನಮ್ಮ ಕರಾವಳಿಯಲ್ಲಿ ಮಳೆ ಬಂದರೆ ಜನ ಒಳಗೆ ಓಡುತ್ತಾರೆ. ಇಲ್ಲಿ ಇಡೀ ಊರು ಹೊರಗೆ ಓಡುತ್ತಿತ್ತು. ಅವರ ದೊಡ್ಡ ಕಾರಿನಲ್ಲಿ ಕಾಫಿ, ಖರ್ಜೂರ, ಕೂರಲು ಜಮಖಾನೆ, ಜೊತೆಗೆ ನಾನು. ಪಟ್ಟಣದ ಹೊರಗೆ ಒಂದು ಒಣ ಹಳ್ಳ. ಅದರಲ್ಲಿ ಪಾದ ಮುಳುಗುವಷ್ಟು ಕೆಂಪು ನೀರು ಹರಿಯುತ್ತಿತ್ತು. ಮ್ಯಾನೇಜರ್ ಕಣ್ಣು ತುಂಬಿ "ಹೇಗಿದೆ?" ಅಂದರು.

"ಸರ್, ಬೇಜಾರು ಮಾಡ್ಬೇಡಿ. ನಮ್ಮ ಊರಿನಲ್ಲಿ ಇಷ್ಟು ಮಳೆಗೆ ಮೀನು ಮಾರುವವಳು ಬುಟ್ಟಿಯನ್ನು ಕೂಡ ಮುಚ್ಚುವುದಿಲ್ಲ" ಅಂದೆ.

ಮಳೆ ಹೇಗೆ ಬರಬೇಕು, ಎಷ್ಟು ತಿಂಗಳು ಬರಬೇಕು, ಬಟ್ಟೆ ಹೇಗೆ ಒಣಗಬಾರದು ಅಂತ ದಾರಿಯುದ್ದಕ್ಕೂ ಪಾಠ ಮಾಡಿದೆ. ಪಾಠದ ನಡುವೆ ಕಾರು ಕೆಸರಿನಲ್ಲಿ ಹೂತು ಹೋಯಿತು. ನಾನು ಇಳಿದು ಹಿಂದಿನಿಂದ ನೂಕಿದೆ; ಗಾಲಿ ತಿರುಗಿದಷ್ಟೂ ಕೆಸರು ನನ್ನ ಅಂಗಿಗೆ ಬಂತು. ಮ್ಯಾನೇಜರ್ ತುಂಬಾ ಆಸಕ್ತಿಯಿಂದ ಕೇಳಿದರು: "ನಿಮ್ಮ ಮಳೆಯ ಊರಿನಲ್ಲಿ ಕಾರು ಹೀಗೆ ಸಿಕ್ಕಿಕೊಂಡರೆ ನೀನು ಎಂತ ಮಾಡುತ್ತಿದ್ದೆ?"

ನಿಜ ಹೇಳದೆ ಬೇರೆ ದಾರಿ ಇರಲಿಲ್ಲ. "ಊರಿನಲ್ಲಿ ನನ್ನ ಹತ್ತಿರ ಕಾರು ಇಲ್ಲ ಸರ್. ಡ್ರೈವಿಂಗ್ ಕಲಿತದ್ದೇ ಇಲ್ಲಿ."

ತೂತು ಮುಚ್ಚಿಸಿದ್ದು

ನಾನು ಹಿಡಿದ ಮನೆ ಹಳೆಯದು. ಕೆಳಗೆ ಮನೆ ಮಾಲಿಕ, ವಯಸ್ಸಾದ ಸೌದಿ; ಮೇಲಿನ ಮಹಡಿ ನಮಗೆ; ಅದರ ಮೇಲೆ ಬಯಲು ತಾರಸಿ. "ರಿಪೇರಿ ನೀನೇ ಮಾಡಿಸಿಕೋ" ಅಂದಿದ್ದರು ಮಾಲಿಕರು.

ನನಗೆ ಬತ್ಹಾ ಮಾರ್ಕೆಟಿನಲ್ಲಿ ಬಟ್ಟೆ ಅಂಗಡಿ ಇಟ್ಟ ಒಬ್ಬ ಭಟ್ಕಳದ ಗೆಳೆಯ. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ವಿಷಯ ಒಂದೇ, ತನಗೆ ಗೊತ್ತಿಲ್ಲದ ವಿಷಯಗಳೂ ಉಂಟು ಅನ್ನುವುದು. ಅವನೇ ಒಬ್ಬ ಮೇಸ್ತ್ರಿಯನ್ನು ಕರೆತಂದ. "ಅರಮನೆ ಕಟ್ಟಿದವನು" ಅಂದ. ಯಾವ ಅರಮನೆ, ಅದು ಇನ್ನೂ ನಿಂತಿದೆಯಾ ಅಂತ ನಾನು ಕೇಳಲಿಲ್ಲ.

ಮೇಸ್ತ್ರಿ ಅಡುಗೆಮನೆಯಲ್ಲಿ ಕಪಾಟು ಹಾಕಿದ. ಅದರ ಮೇಲೆ ಇಟ್ಟ ಲೋಟ ತಾನಾಗಿಯೇ ನಡೆದುಕೊಂಡು ಹೋಗಿ ಕೆಳಗೆ ಬೀಳುತ್ತಿತ್ತು. ಬಚ್ಚಲಿಗೆ ಹೊಸ ನೆಲ ಹಾಕಿದ. ನೀರು ಮೋರಿಯನ್ನು ಬಿಟ್ಟು ಮಲಗುವ ಕೋಣೆಗೆ ಬಂತು. ಬಾಗಿಲು ಕೂರಿಸಿದ. ಮುಚ್ಚಿದರೆ ತೆರೆಯುವುದಿಲ್ಲ, ತೆರೆದರೆ ಮುಚ್ಚುವುದಿಲ್ಲ.

"ಇದೆಂತ ಮೇಸ್ತ್ರಿ?"

"ಸಾಬ್, ಮನೆಯೇ ಓರೆ. ನನ್ನ ಕೆಲಸ ನೇರ ಉಂಟು. ಅದಕ್ಕೇ ಎರಡಕ್ಕೂ ಹೊಂದುವುದಿಲ್ಲ."

ಕೊನೆಗೆ ತಾರಸಿ. ಗೋಡೆಯ ಬುಡದಲ್ಲಿ ನೀರು ಹೊರಗೆ ಹೋಗಲು ತೂತುಗಳಿದ್ದವು. ಅವುಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ತಾರಸಿ ತುಂಬಾ ಹಿಕ್ಕೆ. ಮಾವ ಬಂದವರೇ ಮೊದಲು ಮೇಲೆ ಹತ್ತುತ್ತಾರೆ ಅನ್ನುವ ಹೆದರಿಕೆ ನನಗೆ.

"ತೂತು ಮುಚ್ಚಿಬಿಡಲಾ?" ಅಂದ ಮೇಸ್ತ್ರಿ.

"ಮುಚ್ಚಲಿ ಬಿಡು" ಅಂದ ಗೆಳೆಯ. "ರಿಯಾದಿನಲ್ಲಿ ಎಂತ ಮಳೆ?"

ನಾನು ನೋಡಿದ ಪಾದ ಮುಳುಗುವ ಮಳೆ ನೆನಪಾಯಿತು. ಮಳೆಯಲ್ಲೇ ಹುಟ್ಟಿ ಮಳೆಯಲ್ಲೇ ಬೆಳೆದವನು ನಾನು. ಅದನ್ನೂ ಒಂದು ಮಳೆ ಅಂತ ಲೆಕ್ಕಕ್ಕೆ ಹಿಡಿದರೆ ನಮ್ಮ ಕರಾವಳಿಯ ಮಾನ ಎಲ್ಲಿ ಉಳಿಯುತ್ತದೆ? "ಮುಚ್ಚು" ಅಂದೆ.

ಆ ಮನೆಯಲ್ಲಿ ಮೇಸ್ತ್ರಿ ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ.

ಕಾರ್ಪೆಟ್ಟಿನೊಳಗೆ ಒಬ್ಬರು

ಮೂವರಿಗೂ ವಿಮಾನ ಸಿಕ್ಕಿದ್ದು ಬೊಂಬಾಯಿಯಿಂದ ದಹ್ರಾನಿಗೆ. ಅಲ್ಲಿಂದ ರಿಯಾದಿಗೆ ಮರುಭೂಮಿಯ ನಡುವೆ ಉದ್ದ ರಸ್ತೆ. ಕಾರು ಅದೇ ಭಟ್ಕಳದ ಗೆಳೆಯ ಮಾರಿದ್ದು. ಅದರಲ್ಲಿ ಹೀಟರ್ ಇರಲಿಲ್ಲ. ಅಂದರೆ ಗುಂಡಿ ಇತ್ತು, ಬಿಸಿ ಇರಲಿಲ್ಲ. "ಸೌದಿಯಲ್ಲಿ ಹೀಟರ್ ಕೇಳುವವನು ನೀನೊಬ್ಬನೇ" ಅಂತ ಗೆಳೆಯ ನಕ್ಕಿದ್ದ.

ಜನವರಿಯ ಬೆಳಗಿನ ಜಾವ ವಿಮಾನ ಇಳಿಯಿತು. ಮಾವ ತೆಳು ಮಲ್ಲಿನ ಅಂಗಿ, ಬಿಳಿ ಮುಂಡು, ಕೈಯಲ್ಲೊಂದು ಬೀಸಣಿಗೆ ಹಿಡಿದು ಬಂದರು. ಸೌದಿ ಅಂದರೆ ಬೆಂಕಿ ಅಂತ ಊರಿನಲ್ಲಿ ಯಾರೋ ಹೇಳಿದ್ದರಂತೆ. ಆ ಯಾರೋ ನಾನೇ, ಬೇಸಿಗೆಯಲ್ಲಿ ಹೇಳಿದ್ದು.

ದಾರಿಯಲ್ಲಿ ಮಂಜು. ಮುಂದಿನ ಲಾರಿ ಕಾಣುವುದಿಲ್ಲ, ಅದರ ದೀಪ ಮಾತ್ರ ಕಾಣುತ್ತದೆ. ಒಮ್ಮೆ ದೀಪವೇ ಇಲ್ಲದ ಲಾರಿ ಅಂತ ಬ್ರೇಕ್ ಹಾಕಿದರೆ ಅದು ಒಂಟೆ. ಹಿಂದಿನ ಸೀಟಿನಲ್ಲಿ ಹೆಂಡತಿ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೇಳಿದಳು: "ಇಲ್ಲಿ ಕೇಳಿ, ಬಾಪ ನಡುಗ್ತಾ ಇದ್ದಾರೆ. ಹೊದೆಯಲು ಎಂತಾದರೂ ಉಂಟಾ?"

ಡಿಕ್ಕಿಯಲ್ಲಿ ಮನೆಯ ಹಾಲಿಗೆ ಹಾಸಲು ಅಂತ ಕೊಂಡ ಹೊಸ ಕಾರ್ಪೆಟ್ ಇತ್ತು. ತೆಗೆದು ಮಾವನಿಗೆ ಸುತ್ತಿದೆ. ಮೇಲೆ ಟೊಪ್ಪಿ, ಗಡ್ಡ. ಕೆಳಗೆ ಉದ್ದಕ್ಕೂ ಕೆಂಪು ಹೂವು.

ಮುಂದೆ ಪೊಲೀಸ್ ಚೆಕ್ ಪೋಸ್ಟ್. ಪೊಲೀಸಿನವನು ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ ನೋಡಿದ. ಆಮೇಲೆ ಪಕ್ಕದ ಸೀಟು ನೋಡಿದ.

"ಇದು ಎಂತ?"

"ಮಾವ."

"ಅದರ ಮೇಲೆ?"

"ಕಾರ್ಪೆಟ್."

ಅವನು ಇಕಾಮಾ ವಾಪಸ್ ಕೊಟ್ಟ. ಒಳಗೆ ಹೋಗಿ ಮಾವನಿಗೆ ಬಿಸಿ ಚಹಾ ತಂದುಕೊಟ್ಟ. ನನಗೆ ಕೊಡಲಿಲ್ಲ.

ಮಾವ ಚಹಾ ಮುಗಿಸಿ ಮೊದಲ ಸಲ ಬಾಯಿ ಬಿಟ್ಟರು. "ಗುರುತಿಲ್ಲದವನು ಚಹಾ ಕೊಡ್ತಾನೆ. ಅಳಿಯ ಕಾರ್ಪೆಟ್ ಕೊಡ್ತಾನೆ."

ಕೆಂಪು ನಲ್ಲಿ, ನೀಲಿ ನಲ್ಲಿ

ರಿಯಾದಿನಲ್ಲಿ ನೀರಿನ ಟ್ಯಾಂಕು ತಾರಸಿಯ ಮೇಲೆ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ಬಿಟ್ಟರೆ ಕುದಿಯುವ ನೀರು ಬರುತ್ತದೆ. ಹಾಗಾಗಿ ಎಲ್ಲರೂ ಗೀಸರ್ ಬಂದ್ ಮಾಡಿ, ಅದರೊಳಗೆ ತಣ್ಣಗಾದ ನೀರಿನಲ್ಲಿ ಮೀಯುತ್ತಾರೆ. ನಾನು ಬುದ್ಧಿವಂತ ನೋಡಿ. ಬೇಸಿಗೆಯಲ್ಲೇ ಪ್ಲಂಬರನನ್ನು ಕರೆಸಿ ನಲ್ಲಿಗಳ ಮೇಲಿನ ಬಿಸಿನೀರಿನ ಕೆಂಪು, ತಣ್ಣೀರಿನ ನೀಲಿ ಗುರುತುಗಳನ್ನು ಅದಲು ಬದಲು ಮಾಡಿಸಿದ್ದೆ. ಚಳಿಗಾಲ ಅಂತ ಒಂದು ಉಂಟು ಅನ್ನುವುದು ಆಗ ಹೊಳೆಯಲಿಲ್ಲ.

ಮಾವನಿಗೆ ಸ್ನಾನ ಅಂದರೆ ಹಂಡೆ ತುಂಬಾ ಕೊತ ಕೊತ ನೀರು. ಕಾರ್ಪೆಟ್ಟಿನಿಂದ ಹೊರಬಂದವರು ನೇರ ಬಚ್ಚಲಿಗೆ ಹೋಗಿ, ಕೆಂಪು ನಲ್ಲಿಯನ್ನು ಪೂರ್ತಿ ತಿರುಗಿಸಿ, ಅದರ ಕೆಳಗೆ ನಿಂತರು. ಒಳಗಿನಿಂದ ಬಂದ ಕೂಗಿಗೆ ಕೆಳಗಿನ ಮಾಲಿಕರ ಮಕ್ಕಳು ಓಡಿ ಬಂದರು.

"ಮಾವ, ನೀಲಿ ತಿರುಗಿಸಿ, ನೀಲಿ!" ಅಂತ ಬಾಗಿಲು ಬಡಿದೆ. ಒಳಗೆ ಬೇಗ ಹೋಗೋಣ ಅಂದರೆ ಅದು ಮೇಸ್ತ್ರಿ ಕೂರಿಸಿದ ಬಾಗಿಲು.

ಹೊರಗೆ ಬಂದ ಮಾವ ನೀಲಿಯಾಗಿದ್ದರು. ನಮ್ಮಲ್ಲಿ ಅಳಿಯನಿಗೆ ಮರ್ಯಾದೆ ಜಾಸ್ತಿ. ಬೈಯುವಾಗಲೂ ಬಹುವಚನ ಬಿಡುವುದಿಲ್ಲ. "ನೀವು ಕಂಪೆನಿಯ ಸ್ಟೋರಿನಲ್ಲಿಯೂ ಹೀಗೆಯೇ ಲೇಬಲ್ ಹಚ್ಚುವುದಾ?" ಅಂದರು.

ಕೊನೆಗೆ ಮಳೆ ಬಂತು

ಅಷ್ಟಾದರೂ ನನ್ನ ಆಸೆ ಸತ್ತಿರಲಿಲ್ಲ. ಮಗಳು ಎರಡು ದಿನದಲ್ಲಿ ನನ್ನ ಹೆಗಲು ಹತ್ತಿ ಕೂರುವಷ್ಟು ಬಳಕೆಯಾಗಿದ್ದಳು. ಹೆಂಡತಿ ಓರೆ ಕಪಾಟಿನಲ್ಲಿ ಲೋಟಗಳಿಗೆ ಅಡ್ಡವಾಗಿ ಒಂದು ಕೋಲು ಕಟ್ಟಿದ್ದಳು. ಇರಲು ಮನಸ್ಸಿಲ್ಲದವಳು ಕೋಲು ಕಟ್ಟುತ್ತಾಳಾ? ಮಾವ ಚಳಿಗೆ ಹೆದರಿ ಇನ್ನೂ ತಾರಸಿ ಹತ್ತಿರಲಿಲ್ಲ. ಶುಕ್ರವಾರ ಊಟದ ಮೇಲೆ ತೀರ್ಪು ಹೇಳುವುದಾಗಿ ತಿಳಿಸಿದ್ದರು.

ಶುಕ್ರವಾರ ಜುಮಾ ನಮಾಜ್ ಮುಗಿಸಿ, ಮಾವನನ್ನು ಮನೆಗೆ ಬಿಟ್ಟು, ಕುರಿ ಮಾಂಸ ತರಲು ಹೋಗಿದ್ದೆ. ಬರುವಾಗ ಆಕಾಶ ಕಪ್ಪಾಯಿತು. ಅದು ನಾನು ನೋಡಿದ್ದ ಮಳೆಯಲ್ಲ; ಯಾರೋ ಜೂನ್ ತಿಂಗಳ ಮಂಗಳೂರನ್ನು ಕಿತ್ತು ತಂದು ರಿಯಾದಿನ ಮೇಲೆ ಸುರಿದ ಹಾಗಿತ್ತು. ವೈಪರ್ ಹಾಕಿದೆ. ಬಿಸಿಲಿಗೆ ಬೆಂದು ಹಪ್ಪಳವಾಗಿದ್ದ ರಬ್ಬರ್ ಒಂದೇ ಏಟಿಗೆ ಹಾರಿ ಹೋಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕಾರು ಓಡಿಸಿದೆ. ರಸ್ತೆ ಬದಿಯಲ್ಲಿ ಮಳೆ ನೋಡಲು ನಿಂತಿದ್ದ ಸೌದಿ ಸಂಸಾರಗಳು ನನ್ನ ಕಡೆ ಖುಷಿಯಿಂದ ಕೈ ಬೀಸಿದವು. ಅವರ ಹಾಗೆ ನಾನೂ ಮಳೆಯ ಮಜಾ ತೆಗೆದುಕೊಳ್ಳುತ್ತಿದ್ದೇನೆ ಅಂತ ಎಣಿಸಿರಬೇಕು.

ಮನೆಗೆ ಬಂದರೆ ಹಾಲಿನ ಸೀಲಿಂಗು ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿತ್ತು. ಒಂದು ಹನಿ ಮಾವನ ಚಹಾಕ್ಕೆ ಬಿತ್ತು. ಮಾವ ಚಹಾ ನೋಡಿದರು, ಸೀಲಿಂಗು ನೋಡಿದರು, ನನ್ನನ್ನು ನೋಡಿದರು.

"ಮೇಲೆ ನೀರು ಹೋಗಲು ತೂತು ಇಲ್ಲವಾ?"

"ಇತ್ತು. ಮುಚ್ಚಿಸಿದೆ."

"ಯಾಕೆ?"

"ಪಾರಿವಾಳ ಗೂಡು ಕಟ್ಟಿತ್ತು ಮಾವ."

"ಆ ಪಾರಿವಾಳದ ಹತ್ತಿರ ಕೇಳಿ ಮನೆ ಕಟ್ಟಿಸಬೇಕಿತ್ತು ನೀವು!"

ಅಷ್ಟು ಹೇಳಿ ಮುಂಡು ಮೇಲಕ್ಕೆ ಕಟ್ಟಿ, ಮೂಲೆಯಲ್ಲಿದ್ದ ಕಬ್ಬಿಣದ ಸರಳು ಹಿಡಿದು, ಮೆಟ್ಟಿಲು ಹತ್ತಿಯೇ ಬಿಟ್ಟರು. ಹಿಂದಿನಿಂದ ನಾನು. ತಾರಸಿ ಕೆರೆಯಾಗಿತ್ತು. ಮಾವ ಮೊಣಕಾಲು ನೀರಿನಲ್ಲಿ ನಿಂತು ತೂತಿನ ಸಿಮೆಂಟಿಗೆ ಕುಟ್ಟಿದರು. ಆ ಮುಖದಲ್ಲಿ ಬಂದಂದಿನಿಂದ ನಾನು ನೋಡಿರದ ಉತ್ಸಾಹ ಇತ್ತು. ಸಿಮೆಂಟು ಒಡೆಯಿತು. ಕೆರೆಯ ನೀರೆಲ್ಲ, ಪಾರಿವಾಳದ ಹಳೆಯ ಸಂಸಾರದ ಸಮೇತ, ಬುಸ್ ಎಂದು ಹೊರಗೆ ಹಾರಿತು.

ಕೆಳಗೆ ಮಳೆ ನೋಡಲು ಹೊರಟ ಮನೆ ಮಾಲಿಕರು ಬಿಳಿ ನಿಲುವಂಗಿ ಹಾಕಿ, ಅತ್ತರು ಹಚ್ಚಿ, ಸರಿಯಾಗಿ ಆ ತೂತಿನ ಕೆಳಗೆ ನಿಂತಿದ್ದರು.

ನಾನು ಬಗ್ಗಿ ನೋಡಿದೆ. ಬಿಳಿ ಏನೂ ಉಳಿದಿರಲಿಲ್ಲ. ತಲೆಯ ಮೇಲೆ ಒಂದು ಗರಿ ಇತ್ತು. ಮಾಲಿಕರು ನಿಧಾನ ಮುಖ ಎತ್ತಿದರು. ಮೇಲೆ ಸರಳು ಹಿಡಿದು ಮಾವ. ಮನೆ ಹೋಯಿತು, ಇನ್ನು ಹೆಂಡತಿ ಮಗಳಿಗೆ ವಿಮಾನ ಹುಡುಕುವುದೊಂದೇ ಬಾಕಿ ಅಂತ ಎಣಿಸಿದೆ.

ಮಾಲಿಕರು ಮೆಟ್ಟಿಲು ಹತ್ತಿ ಬಂದರು. ಮಾವ ಅವರ ಕೈ ಹಿಡಿದು ಕರೆದುಕೊಂಡು ಹೋಗಿ ಮುಚ್ಚಿದ ಬೇರೆ ತೂತುಗಳನ್ನು ತೋರಿಸಿದರು. ಆಮೇಲೆ ನನ್ನನ್ನು ತೋರಿಸಿದರು. ಮಾಲಿಕರಿಗೆ ಕನ್ನಡ ಬಾರದು, ಮಾವನಿಗೆ ಅರಬಿ ಬಾರದು; ಆದರೆ ನನ್ನ ಬಗ್ಗೆ ಇಬ್ಬರಿಗೂ ಕೂಡಲೇ ಒಮ್ಮತವಾಯಿತು. ಮಾಲಿಕರು ಮಾವನ ಬೆನ್ನು ತಟ್ಟಿ, ಒಳಗಿನಿಂದ ಇನ್ನೊಂದು ಸರಳು ತರಿಸಿ, ತಾವೂ ಕುಟ್ಟಲು ಶುರು ಮಾಡಿದರು.

ನಾನು ತಂದ ಮಾಂಸದ ಊಟ ಅವರಿಬ್ಬರೇ ಒಂದೇ ತಟ್ಟೆಯಲ್ಲಿ ಉಂಡರು. ಕೈ ತೊಳೆದು ಮಾವ ಗೋಡೆಗೆ ಒರಗಿದರು. ಹೆಂಡತಿ ಬಾಗಿಲ ಬಳಿ ನಿಂತಳು.

"ಮನೆ ವಾಸಕ್ಕೆ ಯೋಗ್ಯ ಇಲ್ಲ" ಅಂದರು ಮಾವ. "ಇಂಥ ಮನೆಯಲ್ಲಿ ಮಗಳನ್ನು ಬಿಟ್ಟು ನಾನು ಊರಿಗೆ ಹೋಗುವುದಿಲ್ಲ."

ನಾನು ಕಣ್ಣು ಮುಚ್ಚಿದೆ.

"ಹಾಗಾಗಿ ನಾನೂ ಇಲ್ಲೇ ಇರ್ತೇನೆ. ರಿಪೇರಿ ಪೂರ್ತಿ ಹೊಸದಾಗಿ ಆಗಬೇಕು. ಮಾಲಿಕರು ಒಪ್ಪಿದ್ದಾರೆ. ಪಾಸ್‌ಪೋರ್ಟ್ ತೋರಿಸಿದ್ದಕ್ಕೆ ಎದೆ ಮುಟ್ಟಿಕೊಂಡರು, ನನ್ನ ವೀಸಾದ ಕಾಗದಪತ್ರ ಅವರೇ ನೋಡಿಕೊಳ್ತಾರಂತೆ. ಮುಗಿದ ಮರುದಿನ ನಾನು ಹೊರಡ್ತೇನೆ."

"ಯಾವಾಗ ಮುಗಿಯುತ್ತದಂತೆ ಮಾವ?" ಅಂದೆ.

"ಕೈ ಸನ್ನೆ ಮಾಡಿ ಕೇಳಿದೆ. ಎಂತದೋ 'ಬುಕ್ರಾ' ಅಂದರು. ಬುಕ್ರಾ ಅಂದರೆ ಎಂತ?"

"ನಾಳೆ" ಅಂದೆ.

"ನಾಳೆಯೇ? ಒಳ್ಳೆಯದಾಯಿತು!" ಅಂದರು ಮಾವ.

ಅರಬಿಯ ಆ ನಾಳೆ ಬರುವಷ್ಟರಲ್ಲಿ ರಿಯಾದಿನಲ್ಲಿ ಎರಡು ಚಳಿಗಾಲ ಕಳೆದು, ಮಾವ ಡ್ರೈವಿಂಗ್ ಕಲಿತಿದ್ದರು.