ಮಂದಾಕಿನಮ್ಮನವರು ಪರದೆಯನ್ನು ಮೂರು ಮಾಡಿದ ಪ್ರಸಂಗ

ಯಾವ ಯುಗದಲ್ಲಿ ಮನುಷ್ಯರು ಒಂದು ಕೆಲಸ ಮಾಡುತ್ತ ಇನ್ನೊಂದರ ಬಗ್ಗೆ ಕಳವಳಪಟ್ಟು ಮತ್ತೊಂದನ್ನು ಮರೆಯುವರೋ, ಯಾವ ಯುಗದಲ್ಲಿ ದೇವರ ದೀಪ ಹಚ್ಚುವ ಮುನ್ನ ಚಾರ್ಜರಿನ ದೀಪ ಉರಿಯುತ್ತಿದೆಯೇ ಎಂದು ಬಗ್ಗಿ ನೋಡುವರೋ, ಆ ಯುಗಕ್ಕೆ ಮೊದಲ ವಂದನೆ. ನಮಗೆ ಬೇರೆ ಯುಗ ದೊರೆಯುವ ಸಂಭವವಿಲ್ಲ. ಎರಡನೆಯ ವಂದನೆ ಆ ಯುಗದ ವೀರಾಗ್ರಣಿಗೆ: ಮೈಸೂರಿನ ಸರಸ್ವತೀಪುರದಲ್ಲಿ, ನಂದನವೆಂಬ ಹೆಸರಿದ್ದೂ ಕುಂಡದ ತುಳಸಿಯ ಹೊರತು ಬೇರೆ ಹಸಿರಿಲ್ಲದ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯನ್ನು ಆಳುತ್ತಿದ್ದ ಸಬ್ಬಕ್ಕಿ-ಸಂಡಿಗೆ-ಸಾಮ್ರಾಜ್ಯ-ಧುರಂಧರೆ, ಒಗ್ಗರಣೆ-ಧೂಮ-ಧೂಸರಿತ-ಲ್ಯಾಪ್‌ಟಾಪ್-ಧಾರಿಣಿ, ನಿವೃತ್ತ-ಗ್ರಂಥಪಾಲಿಕಾ-ಶಿರೋಮಣಿ ಮಂದಾಕಿನಮ್ಮನವರಿಗೆ.

ಯುದ್ಧದ ಕಾರಣ ಹೇಳದೆ ಯುದ್ಧ ಹೇಳುವುದು ನ್ಯಾಯವಲ್ಲ. ನಂದನದ ಟೆರೇಸ್ ಒಂದು ಕಾಲಕ್ಕೆ ವಿಶಾಲವಾಗಿತ್ತು. ಸೌರಫಲಕಗಳು ದಂಡೆತ್ತಿ ಬಂದು ಅದರ ಬಹುಭಾಗವನ್ನು ಗೆದ್ದುಕೊಂಡ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಒಂದು ಚಾಪೆ ಹಾಸುವಷ್ಟು ಬಿಸಿಲು ಉಳಿಯಿತು. ಶನಿವಾರದ ಆ ಬಿಸಿಲು ಮಂದಾಕಿನಮ್ಮನವರಿಗೆ ಬೇಕಿತ್ತು. ಏಕೆಂದರೆ ಶುಕ್ರವಾರ ಮಧ್ಯಾಹ್ನವೇ ಅವರು ಸಬ್ಬಕ್ಕಿ ಗಂಜಿಯನ್ನು ದೊಡ್ಡ ಕೊಳಗದ ತುಂಬ ಕಾಯಿಸಿ ಮುಚ್ಚಿಟ್ಟಿದ್ದರು. ಬೆಳಗಾದರೆ ಹಾಕಬೇಕು; ಇನ್ನೊಂದು ದಿನ ತಡೆದರೆ ಹುಳಿ ಹಿಡಿದು, ಇಡೀ ವರ್ಷದ ಸಂಡಿಗೆ ಮೋರಿಯ ಪಾಲು. ಆದರೆ ಅದೇ ಬಿಸಿಲನ್ನು ಎರಡನೆಯ ಮಹಡಿಯ ಅಧೀಶ್ವರಿ, ಕಳೆದ ಬೇಸಗೆಯಲ್ಲಿ ತಾವು ಹಂಚಿದ ಸಂಡಿಗೆಯಿಂದ ಇಡೀ ನಂದನವನ್ನು ಮೂಕವಾಗಿಸಿದ ಗರಿಗರಿ-ಕೀರ್ತಿ-ಪತಾಕಿನಿ ಇಂದುಮತಿಯವರೂ ಕೇಳಿದರು.

ಟೆರೇಸಿನ ಬೀಗದ ಕೀ ಕಾರ್ಯದರ್ಶಿ ಶ್ರೀಕಂಠಸ್ವಾಮಿಗಳ ವಶದಲ್ಲಿತ್ತು. ಅವರು ಇಬ್ಬರು ಮಹಿಳೆಯರ ನಡುವೆ ನಿಲ್ಲುವ ಅಪಾಯವನ್ನು ಬಲ್ಲವರಾದ್ದರಿಂದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹೀಗೆ ಶಾಸನ ಹೊರಡಿಸಿದರು: "ನೀವಿಬ್ರೇ ಮಾತಾಡ್ಕೊಂಡು ಸಂಜೆ ಪಾರಾಯಣ ಮುಗಿಯೋದ್ರೊಳಗೆ ಒಬ್ರ ಹೆಸರು ಹೇಳಿ. ಇಲ್ದಿದ್ರೆ ನಾಳೆ ಟ್ಯಾಂಕ್ ತೊಳೆಸ್ತೀನಿ. ಯಾರೂ ಮೇಲೆ ಹತ್ತೋ ಹಾಗಿಲ್ಲ."

ಪಾರಾಯಣವೆಂದರೆ ಪ್ರತಿ ಶುಕ್ರವಾರ ಸಂಜೆ ಬಡಾವಣೆಯ ಮಹಿಳೆಯರೆಲ್ಲ ತಮ್ಮ ತಮ್ಮ ಮನೆಯಲ್ಲೇ ಕುಳಿತು, ವೀಡಿಯೊ ಕರೆಯಲ್ಲಿ ಕೂಡಿ ನಡೆಸುವ ದೇವಿಯ ನಾಮಾರ್ಚನೆ. ಒಬ್ಬರು ಹೆಸರು ಹೇಳಬೇಕು, ಮಿಕ್ಕವರು ನಮಃ ಎನ್ನಬೇಕು. ಅಂದು ಹೇಳಿಕೊಡುವ ಸರದಿ ಮೊಟ್ಟಮೊದಲ ಬಾರಿಗೆ ಮಂದಾಕಿನಮ್ಮನವರದು. ತಪ್ಪಿಸಿಕೊಳ್ಳುವಂತಿಲ್ಲ. ಬಾಯಲ್ಲಿ ದೇವಿಯ ಹೆಸರು, ಕಣ್ಣೆದುರಿಗೆ ಅದರ ಪಾಠ, ಜೊತೆಗೆ ಇಂದುಮತಿಯವರೊಡನೆ ಬಿಸಿಲಿನ ವಿವಾದ. ಈ ಮೂರನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಏಕಕಾಲಕ್ಕೆ ನಡೆಸಬೇಕು.

ಅಸ್ತ್ರೋಪದೇಶ ಮಾಡಲು ತಮ್ಮನ ಮಗಳು ಸಿಂಚನ ಬಂದಳು.

"ಅತ್ತೆ, ಈ ಕಿಟಕಿ ಗುರುತಿನ ಕೀ ಒತ್ತಿ ಹಿಡ್ಕೊಂಡು ಎಡಗಡೆ ಬಾಣ ಒತ್ತಿ. ನೋಡಿ, ಕಾಲ್ ಅರ್ಧಕ್ಕೆ ಹೋಯ್ತು. ಈಗ ಪಾಠದ ಪುಟ ಬಲಕ್ಕೆ. ಆಮೇಲೆ ಮೇಲ್ಗಡೆ ಬಾಣ. ಕೆಳಗೆ ಉಳೀತಲ್ಲ, ಅಲ್ಲಿ ವಾಟ್ಸಾಪ್. ಆಯ್ತು, ಮೂರು ಪಾಲು."

"ಒಂದ್ರೊಳಗೊಂದು ಬಿದ್ಬಿಡಲ್ಲ ತಾನೇ?"

"ಇಲ್ಲ ಅತ್ತೆ. ಆದ್ರೆ ಒಟ್ಟಿಗೆ ಮೂರೂ ನೋಡೋಕೆ ನಿಮ್ಗೆ ಕಷ್ಟ ಆಗತ್ತೆ."

ಆಗ ಮಂದಾಕಿನಮ್ಮನವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಿಂಹನಾದಕ್ಕೆ ಸಮೀಪವಾದ ಸ್ವರದಲ್ಲಿ ನುಡಿದರು: "ಲೇ ಹುಡುಗಿ, ಯಾರ ಮುಂದೆ ಕಷ್ಟದ ಮಾತಾಡ್ತಿದ್ದೀಯ? ಒಂದು ಒಲೇಲಿ ಸಾರು, ಒಂದ್ರಲ್ಲಿ ಹಾಲು, ಒಂದ್ರಲ್ಲಿ ಪಲ್ಯ ಇಟ್ಕೊಂಡು ಬಾಗಿಲಲ್ಲಿ ನಿಂತಿರೋ ಕೊರಿಯರಿನವನಿಗೆ ಸೈನ್ ಹಾಕಿದವಳು ನಾನು. ಹಾಲು ಉಕ್ಕಿದ್ದನ್ನ ನೀನು ನೋಡಿದ್ದೀಯಾ?"

"ಮೊನ್ನೇನೇ ನೋಡ್ದೆ."

"ಅದು ಗ್ಯಾಸಿನ ತಪ್ಪು."

ಹೀಗೆ ಅಖಂಡವಾಗಿದ್ದ ಪರದೆ ತ್ರಿಖಂಡವಾಯಿತು. ಎಡಕ್ಕೆ ಕುಂಕುಮ ಹಚ್ಚಿದ ಹಣೆಗಳ ಚೌಕ ಚೌಕ ಭಕ್ತಮಂಡಲ. ಬಲದ ಮೇಲ್ಭಾಗದಲ್ಲಿ ದೇವಿಯ ನಾಮಗಳ ಪುಟ. ಬಲದ ಕೆಳಭಾಗದಲ್ಲಿ ಗುಂಪಿನದಲ್ಲದ, ಇಂದುಮತಿಯವರೊಬ್ಬರೊಡನೆಯೇ ಪಾತಾಳದಂತೆ ಕುದಿಯುತ್ತಿದ್ದ ವಾಟ್ಸಾಪ್. ಸಿಂಚನ ಕಾಲೇಜಿನ ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು. ಒಬ್ಬಂಟಿಯಾಗಿ ಉಳಿದ ವೀರವನಿತೆ, ಎಡಖಂಡದ ಚೌಕವೊಂದರಲ್ಲಿ ಜರಿಯಂಚಿನ ಸೀರೆಯುಟ್ಟು ಶಾಂತವಾಗಿ ಕೈಮುಗಿದು ಕುಳಿತ ಇಂದುಮತಿಯವರನ್ನು ಕಂಡರು. ಅವರ ಮುಗಿದ ಕೈಗಳ ನಡುವೆ ಫೋನಿತ್ತು.

"ಶುರು ಮಾಡಮ್ಮ ಮಂದಾಕಿನಿ," ಎಂದರು ಮಂಡಲಿಯ ಹಿರಿಯರಾದ ರಾಜಲಕ್ಷ್ಮಮ್ಮ. "ಎಲ್ರೂ ಮೈಕ್ ತೆಗೀರಿ. ಬಾಯಿ ಆಡ್ಸಿದ್ರೆ ಸಾಲ್ದು, ನಮಃ ಅನ್ನೋದು ಕೇಳಿಸ್ಬೇಕು."

ಮೊದಲ ನಾಮ ಹೊಮ್ಮಿತು. ಅಂತರ್ಜಾಲದ ವೇಗ ಮನೆಮನೆಗೂ ಬೇರೆಯಾದ್ದರಿಂದ ನಮಃ ಎಂಬುದು ಒಬ್ಬರಾದ ಮೇಲೊಬ್ಬರಂತೆ, ಮೆಟ್ಟಿಲ ಮೇಲಿಂದ ಉರುಳಿದ ಸ್ಟೀಲ್ ಲೋಟದಂತೆ, ಬಹಳ ಹೊತ್ತು ಕೇಳಿಸುತ್ತಲೇ ಇತ್ತು. ಆ ಬಿಡುವಿನಲ್ಲಿ ಮಂದಾಕಿನಮ್ಮನವರು ಪಾತಾಳಕ್ಕಿಳಿದು ಶರಪ್ರಯೋಗ ಮಾಡುತ್ತಿದ್ದರು. ನಾಮಕ್ಕೊಂದು ನಮಸ್ಕಾರ, ನಮಸ್ಕಾರಕ್ಕೊಂದು ಶರ.

"ಹೇ ದ್ವಿತೀಯ-ಮಹಡಿ-ಮಂಡಲೇಶ್ವರಿ, ಪಾಕಗೊಂಡ ಸಬ್ಬಕ್ಕಿ ಕಾಲನನ್ನು ಕಾಯದು, ಸೂರ್ಯನನ್ನು ನನಗೆ ಬಿಟ್ಟು ಹಿಂದೆ ಸರಿ," ಎಂಬ ಅರ್ಥ ಬರುವಂತೆ ಅವರು ಬರೆದದ್ದು: "ಗಂಜಿ ಕಾಯ್ಸಾಗಿದೆ ಕಣ್ರೀ."

"ಪರಾಕ್ರಮದಿಂದ ಪಡೆದ ಕೀರ್ತಿಯನ್ನು ಪಲಾಯನದಿಂದ ಕಳೆದುಕೊಳ್ಳುವ ಕುಲದಲ್ಲಿ ನಾನು ಹುಟ್ಟಿಲ್ಲ," ಎಂಬ ಅರ್ಥ ಬರುವಂತೆ ಇಂದುಮತಿಯವರು ಮರುನುಡಿದದ್ದು: "ನನಗೂ ನಾಳೆನೇ ಬೇಕು." ಕೆಳಗೆ ಕೈಮುಗಿಯುವ ಚಿತ್ರ.

ಎಡಖಂಡದಲ್ಲಿ ಅವರ ತುಟಿಗಳು ಅದೇ ಕ್ಷಣ ಭಕ್ತಿಯಿಂದ ನಮಃ ಎಂದವು.

ಯುದ್ಧ ಏರಿತು. ನಾಮಗಳು ಮುಗಿಯುತ್ತ ಬಂದವು. ಮುಗಿದರೆ ಟ್ಯಾಂಕ್ ತೊಳೆಯುವುದು ಖಚಿತ, ಟ್ಯಾಂಕ್ ತೊಳೆದರೆ ಕೊಳಗ ಮೋರಿಗೆ. ಇಲ್ಲಿ ಅವರ ಕನ್ನಡಕದ ವಿಷಯ ಹೇಳಲೇಬೇಕು. ಅದು ಮೇಲರ್ಧದಲ್ಲಿ ದೂರವನ್ನೂ ಕೆಳಗಿನರ್ಧದಲ್ಲಿ ಹತ್ತಿರವನ್ನೂ ತೋರಿಸುವ ಜಾತಿಯದು. ಪರದೆಯ ಮೇಲ್ಭಾಗದಲ್ಲಿದ್ದ ದೇವಿಯನ್ನು ಓದಲು ಗದ್ದವನ್ನು ಆಕಾಶಕ್ಕೆತ್ತಬೇಕು. ಗದ್ದ ಇಳಿದರೆ ದೃಷ್ಟಿ ತಾನಾಗಿ ಪಾತಾಳಕ್ಕೆ ಜಾರುತ್ತದೆ. ಎತ್ತಿ ಎತ್ತಿ ಅವರ ಕುತ್ತಿಗೆ ಸೋತಿತ್ತು.

ಆ ಸೋಲಿನ ಕ್ಷಣದಲ್ಲೇ ಇಂದುಮತಿಯವರಿಂದ ಒಂದರ ಹಿಂದೊಂದು ಸಾಲುಗಳು ಬಂದು ಬಿದ್ದವು. ಗದ್ದ ಇಳಿಯಿತು. ರಾಗ ನಿಲ್ಲಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವ ಅಭ್ಯಾಸಕ್ಕೆ ಬಿದ್ದಿದ್ದ ನಾಲಗೆ, ಅದೇ ಶ್ರುತಿಯಲ್ಲಿ, ಅದೇ ಗಾಂಭೀರ್ಯದಲ್ಲಿ, ಕೊನೆಗೆ ಅದೇ ಚತುರ್ಥೀ ವಿಭಕ್ತಿಯ ಬಾಲ ಸೇರಿಸಿ ಮುಂದುವರಿಯಿತು:

"ಓಂ ಹೋದ್ವರ್ಷ ನಾನು ಹಂಚಿದ್ದು ಅಂಗಡೀ ಸಂಡಿಗೆಯೈ..."

"ನಮಃ!" ಎಂದಿತು ಮಂಡಲ. ಇಂದುಮತಿಯವರೂ ಎಂದರು.

"ಓಂ ಈಗ ಬೀಗರು ಅದನ್ನೇ ಕೇಳ್ತಿದ್ದಾರಾಯೈ..."

"ನಮಃ!"

"ಓಂ ನನಗೆ ಮಾಡೋಕೇ ಬರಲ್ಲಾಯೈ..."

"ನಮಃ!"

"ಓಂ ನಾಳೆ ಮೊದಲ್ನೇ ಸಲ ಮಾಡಿ ನೋಡ್ಬೇಕು ದಯವಿಟ್ಟು ಯಾರ್ಗೂ ಹೇಳ್ಬೇಡ್ಯೈ..."

ಎಲ್ಲರೂ ನಮಃ ಎಂದರು. ಒಬ್ಬರು ಎನ್ನಲಿಲ್ಲ. ಇಂದುಮತಿಯವರ ಚೌಕ ಕಪ್ಪಾಯಿತು.

ಮಂದಾಕಿನಮ್ಮನವರು ಮುಂದಿನ ಓಂಕಾರವನ್ನು ಅರ್ಧಕ್ಕೇ ಬಿಟ್ಟರು. ತಾವು ಏನು ಹೇಳಿದರೆಂಬುದು ಈಗ ಅವರಿಗೇ ಕೇಳಿಸಿತು. ಸಂಗ್ರಾಮದಲ್ಲಿ ಶತ್ರುವಿನ ಕಿರೀಟ ಬೀಳಿಸುವುದು ವೀರಧರ್ಮವಿರಬಹುದು. ಶತ್ರು ತಾನಾಗಿ ತೆಗೆದು ಕೈಗೆ ಕೊಟ್ಟ ಕಿರೀಟವನ್ನು ಊರ ಮುಂದೆ ತಮಟೆ ಹೊಡೆದು ತೋರಿಸುವುದಕ್ಕೆ ಯಾವ ಹೆಸರಿದೆಯೋ ಅವರಿಗೆ ತಿಳಿಯಲಿಲ್ಲ. ಈಗ ಎಲ್ಲರೂ ನಗುತ್ತಾರೆ, ಈಗ ಯಾರಾದರೂ ಕೇಳುತ್ತಾರೆ ಎಂದು ಅವರು ಒಂದೊಂದೇ ಚೌಕವನ್ನು ನೋಡಿದರು. ಒಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ಒಬ್ಬರ ದೃಷ್ಟಿ ಪರದೆಯ ಇನ್ನೊಂದು ಮೂಲೆಯಲ್ಲಿ ನೆಟ್ಟಿದ್ದು, ಕನ್ನಡಕದ ಗಾಜಿನಲ್ಲಿ ಧಾರಾವಾಹಿಯೊಂದರ ಮದುವೆ ನಡೆಯುತ್ತಿತ್ತು.

"ಮಂದಾಕಿನಿ," ಎಂದರು ರಾಜಲಕ್ಷ್ಮಮ್ಮ ಕೊನೆಗೆ, "ಆ ಮಧ್ಯದ್ದು ನಾಕು ನಾಮ ಯಾವ್ದಮ್ಮ? ನಮ್ಮ ಪುಸ್ತಕದಲ್ಲಿಲ್ಲ."

"ಅದು... ಪಾಠಾಂತರ, ಅಮ್ಮ."

"ನಮ್ಮ ತವರಲ್ಲಿ ಹೀಗೇ ಹೇಳೋರು," ಎಂದರು ಅವರೆಕಾಯಿಯವರು, ತಲೆ ಎತ್ತದೆ.

ಉಳಿದ ನಾಮಗಳು ಹೇಗೆ ಮುಗಿದವೋ ದೇವಿಗೇ ಗೊತ್ತು. ಮಂಗಳಾರತಿಯಾಗುವ ಮೊದಲೇ ಮಂದಾಕಿನಮ್ಮನವರು ಗುಂಪಿಗೆ ಬರೆದರು: "ಕೀ ಇಂದುಮತಿಯವರಿಗೆ ಕೊಡಿ." ಕೊಳಗದ ಕಡೆ ನೋಡುವ ಧೈರ್ಯ ಅವರಿಗಾಗಲಿಲ್ಲ. ಕಾರ್ಯದರ್ಶಿಗಳು ಹೆಬ್ಬೆರಳೆತ್ತಿದ ಚಿತ್ರ ಹಾಕಿದರು. ಹಾಕಿದ ಮರುಕ್ಷಣ ಬಾಗಿಲ ಗಂಟೆ ಮೊಳಗಿತು.

ಜರಿಯಂಚಿನ ಸೀರೆಯಲ್ಲೇ ಇಂದುಮತಿಯವರು ನಿಂತಿದ್ದರು.

"ಏನ್ರೀ, ನನ್ನ ಮಾನಾನ ಅಷ್ಟು ರಾಗವಾಗಿ ಹರಾಜು ಹಾಕಿದ್ರಲ್ಲ!"

"ಬೇಕೂಂತ ಅಲ್ಲ ಕಣ್ರೀ. ಈ ಕನ್ನಡಕ... ಗದ್ದ ಇಳೀತು."

"ನಾನೂ ಮೂರು ಸಲ ನಮಃ ಅಂದೆ. ನಾಕ್ನೇದೂ ಬಾಯಿಗೆ ಬಂದ್ಬಿಟ್ಟಿತ್ತು. ಆಮೇಲೆ ಗೊತ್ತಾಯ್ತು, ಇದು ನಂದೇ ಅಂತ."

"ಯಾರೂ ಕೇಳಿಸ್ಕೊಂಡಿಲ್ಲ. ಆಣೆ ಮಾಡಿ ಹೇಳ್ತೀನಿ. ಕೀನೂ ನಿಮ್ಗೇ ಕೊಡೋಕೆ ಹೇಳಿದ್ದೀನಿ, ನೋಡಿ ಬೇಕಾದ್ರೆ."

"ಕೀ ತಗೊಂಡು ನಾನೇನ್ ಮಾಡ್ಲಿ?" ಇಂದುಮತಿಯವರು ಒಳಗೆ ಬಂದು ಊಟದ ಮೇಜಿನ ಮುಂದೆ ಕುಳಿತರು. ದನಿ ಸಣ್ಣದಾಯಿತು. "ಯೂಟ್ಯೂಬ್ ನೋಡ್ಕೊಂಡು ಎರಡು ಸಲ ಗಂಜಿ ಮಾಡ್ದೆ. ಒಂದ್ಸಲ ಗೋಂದಾಯ್ತು, ಇನ್ನೊಂದ್ಸಲ ನೀರಾಯ್ತು. ಮಗಳ ಅತ್ತೆ ಎದುರಿಗೆ ಅಂಗಡೀದು ಅಂತ ಹೇಗೆ ಹೇಳ್ಲಿ? ನಾಳೆ ನಿಮ್ದೇ ಹಾಕಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ಕಲಿಸ್ಕೊಡಿ."

ತ್ರಿಖಂಡವಿಜೇತೆಯ ಮುಂದೆ ಶತ್ರು ಶಿಷ್ಯೆಯಾಗಿ ನಿಂತಾಗ, ಅಲ್ಲ, ಕುಳಿತಾಗ, ಅವರ ಎದೆ ಹಿಗ್ಗಿತೆಂಬುದನ್ನು ಮರೆಮಾಚುವುದು ಸರಿಯಲ್ಲ. "ಅದ್ಯಾವ ಬ್ರಹ್ಮವಿದ್ಯೆ," ಎಂದರು ಮಂದಾಕಿನಮ್ಮನವರು. "ಎಲ್ಲ ಹದದಲ್ಲಿದೆ. ನನ್ನ ಸಂಡಿಗೇಲಿ ಇವತ್ತಿನವರೆಗೂ ಯಾರೂ ಒಂದು ಕುಂದು ಹೇಳಿಲ್ಲ."

ಶನಿವಾರ ಬೆಳಗ್ಗೆ ಆ ಇಬ್ಬರು ಮಹಾರಥಿಗಳು ಕೊಳಗ ಸಮೇತ ಟೆರೇಸನ್ನೇರಿ, ಪ್ಲಾಸ್ಟಿಕ್ ಹಾಳೆಯೆಂಬ ರಣಭೂಮಿಯ ಮೇಲೆ ಸೌಟಿನಿಂದ ಶ್ವೇತಚಕ್ರಗಳನ್ನು ಸಾಲು ಸಾಲಾಗಿ ಹರಡಿದರು. ಸೌಟಿನ ಬೆನ್ನಿಂದ ಒತ್ತುವ ಹದ, ಅಂಚು ತೆಳುವಾಗಿಸುವ ಹದ, ಎಲ್ಲವನ್ನೂ ಗುರು ಬೋಧಿಸಿದರು. ಶಿಷ್ಯೆ ಕಪ್ಪು ಕೊಡೆ ಬೀಸಿ ಕಾಗೆಗಳ ಅಕ್ಷೌಹಿಣಿಯನ್ನು ಓಡಿಸಿದರು. ಆ ದಿನದ ಬಿಸಿಲನ್ನೂ ಮರುದಿನ ಬಾಲ್ಕನಿಯ ಅರೆಬಿಸಿಲನ್ನೂ ಉಂಡು ಸಂಡಿಗೆ ಖಣಖಣ ಎಂದಿತು. ಭಾನುವಾರ ಸಂಜೆ ಎಣ್ಣೆ ಕಾಯಿತು. ಬಿಟ್ಟ ತಕ್ಷಣ ಸಂಡಿಗೆ ಅರಳಿ ಬಾಣಲೆಯಗಲವಾಯಿತು. ಇಬ್ಬರೂ ಒಂದೊಂದನ್ನು ಮುರಿದು ಬಾಯಿಗಿಟ್ಟರು.

ಮಂದಾಕಿನಮ್ಮನವರ ದವಡೆ ನಿಂತಿತು.

ಶುಕ್ರವಾರ ಅವರಿಗೆ ಉಪವಾಸ. ಗಂಜಿಯ ರುಚಿ ನೋಡುವಂತಿರಲಿಲ್ಲ. ಹಸಿಮೆಣಸಿನಕಾಯಿ ಹಾಕಿದ್ದು ನೆನಪಿತ್ತು, ಜೀರಿಗೆ ಹಾಕಿದ್ದು ನೆನಪಿತ್ತು. ಅಷ್ಟರಲ್ಲಿ ಗುಂಪಿನಲ್ಲಿ ಕಾರ್ಯದರ್ಶಿಗಳ ಶಾಸನ ಟಿಣ್ ಎಂದಿತ್ತು.

ಇಂದುಮತಿಯವರು ಶ್ರದ್ಧೆಯಿಂದ ಅಗಿದು, ನುಂಗಿ, ಕಲಿಯುವವರ ವಿನಯದಿಂದ ಕೇಳಿದರು: "ತುಂಬ ಗರಿಯಾಗಿದೆ ರೀ. ಉಪ್ಪು ಕರಿದ್ಮೇಲೆ ಮೇಲಿಂದ ಉದುರಿಸ್ಕೊಳ್ಳೋದಾ?"

ಸಬ್ಬಕ್ಕಿ-ಸಂಡಿಗೆ-ಸಾಮ್ರಾಜ್ಯ-ಧುರಂಧರೆ ಉಪ್ಪಿನ ಡಬ್ಬಿಯನ್ನು ಶಿಷ್ಯೆಯ ಕಡೆ ಸರಿಸಿದರು.

"ಹೂಂ," ಎಂದರು. "ಮೇಲಿಂದ್ಲೇ."